ತವರು ತೊರೆದ ಹುಲಿಯ ಹಾದಿ

2011ನೆಯ ಇಸವಿಯ ಮೇ ತಿಂಗಳಿನಲ್ಲಿ, ಹೊನ್ನಾಳಿ ಮತ್ತು ನ್ಯಾಮತಿ ಸೀಮೆಗಳಿಗೆ ಪಡುವಣ ನೆರೆಯಾದ ಶಿಕಾರಿಪುರ ತಾಲ್ಲೂಕಿನ ಗಾಮವೆಂಬ ಹಳ್ಳಿಯ ಪರಿಸರದಲ್ಲಿ, ಅರಣ್ಯ ಇಲಾಖೆಯವರು ಒಂದು ಗಂಡುಹುಲಿಯನ್ನು ಸೆರೆಹಿಡಿದರು. ಹೊಲ, ಕೆರೆ, ತೋಟ, ಊರುಗಳಿಂದ ತುಂಬಿದ ನಾಡಿನ ನಡುವೆ ಹುಲಿಯೊಂದು ಕಾಣಿಸಿಕೊಂಡದ್ದೇ ಆಶ್ಚರ್ಯದ ಸಂಗತಿಯಾಗಿದ್ದರೂ, ಅದಕ್ಕೆ ಮಿಗಿಲಾದ ಆಶ್ಚರ್ಯವು ಅದರ ಮೈಮೇಲಣ ಪಟ್ಟೆಗಳನ್ನು ಪರೀಕ್ಷಿಸಿದ ತರುವಾಯ ಹೊರಬಿದ್ದಿತು. ಡಾ. ಉಲ್ಲಾಸ ಕಾರಂತರ ನೇತೃತ್ವದ ವನ್ಯಜೀವಿ ಅಧ್ಯಯನ ಕೇಂದ್ರದವರು ತಮ್ಮಲ್ಲಿ ಸಂಗ್ರಹವಾಗಿದ್ದ ಹುಲಿಗಳ ಛಾಯಾಚಿತ್ರಗಳೊಡನೆ ಈ ಪಟ್ಟೆಗಳನ್ನು ಹೋಲಿಸಿ ನೋಡಲಾಗಿ, ಇದು ಹಿಂದಿನ ವರ್ಷ ಬಂಡೀಪುರದ ಕಾಡಿನಲ್ಲಿ ಅವರ ಕ್ಯಾಮೆರಾಕ್ಕೆ ಸಿಕ್ಕಿದ್ದ ಹುಲಿಯೇ ಎಂಬುದು ನಿಸ್ಸಂಶಯವಾಗಿ ಸಿದ್ಧವಾಯಿತು. ಬಂಡೀಪುರಕ್ಕೂ ಗಾಮಕ್ಕೂ ನಡುವಣ ದೂರ ಸುಮಾರು 280 ಕಿಲೋಮೀಟರ್.

ಯಾವ ಎರಡು ಹುಲಿಗಳ ಮೈಮೇಲೂ ಪಟ್ಟೆಗಳು ಒಂದೇ ಬಗೆಯಾಗಿರುವುದಿಲ್ಲವಾದ್ದರಿಂದ, ಮತ್ತು ಹುಟ್ಟಿನಿಂದ ಸಾವಿನವರೆಗೆ ಆ ವಿನ್ಯಾಸವು ಬದಲಾಗದೆ ಉಳಿಯುವುದರಿಂದ, ಈ ಗುರುತಿನಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕಾವೇರಿಯ ಜಲಾನಯನವನ್ನು ಹಿಂದಿಕ್ಕಿ ತುಂಗಭದ್ರೆಯ ಜಲಾನಯನವನ್ನು ಹೊಕ್ಕ ಆ ಪ್ರಾಣಿಯು, ಹಗಲೆಲ್ಲ ಯಾವುದೋ ಕುರುಚಲಿನ ಮರೆಯಲ್ಲಿ ಅಡಗಿ, ಇರುಳಿನಲ್ಲಿ ಹೊಳೆಗಳನ್ನು ಈಜಿ, ಹೆದ್ದಾರಿಗಳನ್ನು ದಾಟಿ, ಸಾವಿರಾರು ಮನುಷ್ಯರು ಮಲಗಿದ್ದ ಊರುಗಳ ಅಂಚಿನಲ್ಲಿ ಹಾದುಬಂದಿರಬೇಕು. ಇಂಥ ಪ್ರಯಾಣವನ್ನು ಅದು ಏತಕ್ಕಾಗಿ ಕೈಗೊಂಡಿತು? ದಾರಿ ತಪ್ಪಿ ಬಂದಿತೆಂದು ಹೇಳುವುದು ಸುಲಭ. ಆದರೆ ಹುಲಿಯ ಜೀವನಕ್ರಮವನ್ನು ಅರಿತವರಿಗೆ, ಅದು ದಾರಿ ತಪ್ಪಿದ್ದಲ್ಲ, ತನ್ನ ಜಾತಿಯ ಧರ್ಮವನ್ನು ನಡೆಸುತ್ತಿತ್ತು ಎಂಬುದು ತಿಳಿಯುತ್ತದೆ. ಆ ಧರ್ಮವನ್ನು ಬಿಡಿಸಿ ಹೇಳುವುದೂ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ, ಹುಲಿಯ ನಾಡೆಂದು ಯಾರೂ ಇಂದು ಕರೆಯದಿರುವ ನೆಲಗಳಿಗೂ ಅದರೊಡನೆ ಇರುವ ಸಂಬಂಧವನ್ನು ತೋರಿಸುವುದೂ ಈ ಲೇಖನದ ಉದ್ದೇಶ.

ತಾಯಿಯೊಡನೆ ಎರಡು ವರ್ಷ

ಹೆಣ್ಣುಹುಲಿಯ ಗರ್ಭಾವಧಿ ಸುಮಾರು ನೂರಮೂರು ದಿನಗಳು. ಅಂದರೆ ಮೂರೂವರೆ ತಿಂಗಳಿಗೂ ಕಡಮೆ. ಬೇಟೆಯಾಡಿಯೇ ಹೊಟ್ಟೆ ಹೊರೆಯಬೇಕಾದ ಪ್ರಾಣಿಯು ಭಾರವಾದ ಬಸಿರನ್ನು ಬಹುಕಾಲ ಹೊತ್ತು ತಿರುಗಲಾರದೆಂಬುದನ್ನು ನೆನೆದರೆ ಈ ಅಲ್ಪಾವಧಿಯ ಔಚಿತ್ಯವು ಮನದಟ್ಟಾಗುತ್ತದೆ. ಬಂಡೆಗಳ ಸಂದಿಯಲ್ಲಿಯೋ ದಟ್ಟವಾದ ಬಿದಿರುಮೆಳೆಯ ಒಳಗೋ ಅದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿಗಳನ್ನು ಈಯುತ್ತದೆ. ಒಂದೊಂದು ಮರಿಯೂ ಸುಮಾರು ಒಂದು ಕಿಲೋ ತೂಗುತ್ತದೆ, ಕಣ್ಣು ತೆರೆದಿರುವುದಿಲ್ಲ, ಒಂದೆರಡು ವಾರಗಳವರೆಗೆ ಅವುಗಳ ಪ್ರಪಂಚವೆಂದರೆ ತಾಯಿಯ ಮೈಯ ಬಿಸಿ ಮತ್ತು ಹಾಲಿನ ವಾಸನೆ ಇಷ್ಟೇ. ಗಂಡುಹುಲಿಯು ಮರಿಗಳ ಪೋಷಣೆಯಲ್ಲಿ ನೇರವಾಗಿ ಭಾಗಿಯಾಗುವುದು ಅಪರೂಪ. ಹೊರಗಿನ ಗಂಡುಗಳು ಒಳನುಗ್ಗದಂತೆ ಸೀಮೆಯನ್ನು ಕಾಯುವುದೇ ಅದು ಸಂತಾನಕ್ಕೆ ಸಲ್ಲಿಸುವ ಸೇವೆ. ಮರಿಗಳನ್ನು ಒಂಟಿಯಾಗಿ ಬಿಟ್ಟು ಬೇಟೆಗೆ ಹೋಗಬೇಕಾದ ತಾಯಿಯು ಅಪಾಯದ ಸುಳಿವು ಸಿಕ್ಕಿದೊಡನೆ ಅವುಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೊಂದು ತಾಣಕ್ಕೆ ಸಾಗಿಸುತ್ತದೆ.

ಎರಡು ತಿಂಗಳು ತುಂಬುವ ಹೊತ್ತಿಗೆ ಮರಿಗಳು ತಾಯಿ ಕೊಂದ ಪ್ರಾಣಿಯ ಮಾಂಸವನ್ನು ರುಚಿನೋಡಲಾರಂಭಿಸುತ್ತವೆ. ಅರ್ಧ ವರ್ಷ ಕಳೆಯುವ ಹೊತ್ತಿಗೆ ಹಾಲಿನ ಹಂಗು ಮುಗಿಯುತ್ತದೆ. ಅಲ್ಲಿಂದ ಮುಂದೆ ಅವು ತಾಯಿಯನ್ನು ಹಿಂಬಾಲಿಸುತ್ತ, ಗಾಳಿ ಬೀಸುವ ದಿಕ್ಕನ್ನು ಗಮನಿಸುವುದು, ಒಣಗಿದ ಎಲೆಯ ಮೇಲೆ ಸದ್ದಾಗದಂತೆ ಕಾಲಿಡುವುದು, ಕಡವೆಯು ತಲೆ ತಗ್ಗಿಸುವವರೆಗೆ ಅಲುಗದೆ ನಿಲ್ಲುವುದು, ಇವೇ ಮೊದಲಾದ ವಿದ್ಯೆಗಳನ್ನು ಕಂಡು ಕಲಿಯುತ್ತವೆ. ಹಾಲುಹಲ್ಲು ಬಿದ್ದು ನಿಜವಾದ ಕೋರೆಹಲ್ಲುಗಳು ಮೂಡುವುದು ಒಂದು ವರ್ಷ ದಾಟಿದ ಮೇಲೆ. ಅಲ್ಲಿಯತನಕ ಮರಿಯು ಎಷ್ಟೇ ಚುರುಕಾಗಿದ್ದರೂ ದೊಡ್ಡ ಪ್ರಾಣಿಯನ್ನು ಸ್ವತಂತ್ರವಾಗಿ ಕೊಲ್ಲುವ ಸಾಮರ್ಥ್ಯ ಅದಕ್ಕಿಲ್ಲ. ಆದುದರಿಂದ ಮೂರು ಮರಿಗಳ ತಾಯಿಯಾದ ಹುಲಿಯು, ತನ್ನಷ್ಟೇ ದೊಡ್ಡದಾಗುತ್ತಿರುವ ಮೂರು ಹೊಟ್ಟೆಗಳನ್ನು ಒಂದೂವರೆ ಎರಡು ವರ್ಷಗಳ ಕಾಲ ಒಂಟಿಯಾಗಿ ಸಾಕಬೇಕಾಗುತ್ತದೆ. ಹಸಿವು, ರೋಗ, ಕಾಡುಗಿಚ್ಚುಗಳಿಂದಲೂ, ಹಳೆಯ ಗಂಡನ್ನು ಸೋಲಿಸಿ ಸೀಮೆಯನ್ನು ವಶಪಡಿಸಿಕೊಂಡ ಹೊಸ ಗಂಡುಹುಲಿಯ ಕೈಯಿಂದಲೂ ಅನೇಕ ಮರಿಗಳು ಮೊದಲನೆಯ ವರ್ಷವನ್ನು ಕಾಣದೆಯೇ ಸಾಯುತ್ತವೆ. ಮರಿಗಳನ್ನು ಕಳೆದುಕೊಂಡ ತಾಯಿಯು ಬೇಗನೆ ಮತ್ತೆ ಬೆದೆಗೆ ಬರುವುದರಿಂದ, ಹೊಸ ಗಂಡು ತನ್ನ ಸಂತಾನವನ್ನು ಪಡೆಯಲು ಹಿಡಿಯುವ ಕ್ರೂರ ಮಾರ್ಗವಿದು. ಮನುಷ್ಯನ ನೀತಿಯ ಅಳತೆಗೋಲು ಇಲ್ಲಿ ಸಲ್ಲದು. ಆದರೆ ಗಂಡುಹುಲಿಯೊಂದನ್ನು ಕೊಂದ ಬೇಟೆಗಾರನು ಅದರೊಡನೆ ಅದರ ಮರಿಗಳ ಮೃತ್ಯುವಿಗೂ ಕಾರಣನಾಗಬಲ್ಲನೆಂಬುದನ್ನು ಮಾತ್ರ ಇದರಿಂದ ಗ್ರಹಿಸಬೇಕು.

ಹದಿನೆಂಟರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಅಗಲಿಕೆಯ ಕಾಲ ಬರುತ್ತದೆ. ಹೆಣ್ಣುಮರಿಯು ಅನೇಕ ವೇಳೆ ತಾಯಿಯ ಸೀಮೆಗೆ ಹೊಂದಿಕೊಂಡೇ ನೆಲೆಯೂರುತ್ತದೆ. ತಾಯಿಯು ತನ್ನ ನೆಲದ ಒಂದು ಪಾಲನ್ನು ಮಗಳಿಗೆ ಬಿಟ್ಟುಕೊಡುವುದೂ ಉಂಟು. ಗಂಡುಮರಿಗೆ ಆ ಸೌಭಾಗ್ಯವಿಲ್ಲ. ತಂದೆಯ ನೆಲದಲ್ಲಿ ಅದು ಪ್ರತಿಸ್ಪರ್ಧಿ; ನೆರೆಯ ಗಂಡುಗಳ ನೆಲದಲ್ಲಿ ಶತ್ರು. ನೇಪಾಳದ ಚಿತವನದಲ್ಲಿ ನಡೆದ ದೀರ್ಘ ಅಧ್ಯಯನದ ಪ್ರಕಾರ, ಹೆಣ್ಣುಗಳು ಹುಟ್ಟಿದೆಡೆಯಿಂದ ಸರಾಸರಿ ಹತ್ತು ಕಿಲೋಮೀಟರಿನೊಳಗೆ ನೆಲೆಸಿದರೆ, ಗಂಡುಗಳು ಸರಾಸರಿ ಮೂವತ್ತಮೂರು ಕಿಲೋಮೀಟರ್ ದೂರ ಹೋಗಿ ನೆಲೆಸಿದವು. ಗಾಮದ ಹುಲಿಯ 280 ಕಿಲೋಮೀಟರನ್ನು ಈ ಸರಾಸರಿಯ ಪಕ್ಕದಲ್ಲಿಟ್ಟು ನೋಡಿದಾಗ ಅದರ ಪ್ರಯಾಣದ ಅಸಾಧಾರಣತೆಯೂ, ಅದಕ್ಕೆ ನಡುವೆ ಎಲ್ಲಿಯೂ ಖಾಲಿ ನೆಲ ಸಿಗಲಿಲ್ಲವೆಂಬ ದುಃಖಕರ ಸಂಭವವೂ ಒಟ್ಟಿಗೆ ಗೋಚರವಾಗುತ್ತವೆ.

ಸೀಮೆ ಮತ್ತು ಅದರ ಗುರುತು

ಹುಲಿಯು ಏಕಾಂಗಿಯಾಗಿ ಬಾಳುವ ಪ್ರಾಣಿಯೆಂದ ಮಾತ್ರಕ್ಕೆ ಅದಕ್ಕೆ ಸಮಾಜವಿಲ್ಲವೆಂದು ತಿಳಿಯಬಾರದು. ನಾಗರಹೊಳೆಯಲ್ಲಿ 1990ರ ಸುಮಾರಿಗೆ ಉಲ್ಲಾಸ ಕಾರಂತರು ಹುಲಿಗಳ ಕೊರಳಿಗೆ ರೇಡಿಯೋ ಪಟ್ಟಿ ತೊಡಿಸಿ ಅವುಗಳ ಚಲನವಲನವನ್ನು ಹಗಲಿರುಳು ಹಿಂಬಾಲಿಸಿದಾಗ, ಒಂದೊಂದು ಹೆಣ್ಣುಹುಲಿಯೂ ಹದಿನೈದು ಇಪ್ಪತ್ತು ಚದರ ಕಿಲೋಮೀಟರ್ ವಿಸ್ತಾರದ ಸೀಮೆಯನ್ನು ತನ್ನದಾಗಿಸಿಕೊಂಡಿರುತ್ತದೆಂಬುದೂ, ಎರಡು ಮೂರು ಹೆಣ್ಣುಗಳ ಸೀಮೆಗಳನ್ನು ಒಳಗೊಳ್ಳುವಂತೆ ಒಂದು ಗಂಡಿನ ಸೀಮೆ ಹರಡಿರುತ್ತದೆಂಬುದೂ ಸ್ಪಷ್ಟವಾಯಿತು. ಅದೇ ಹುಲಿ ರಷ್ಯಾದೇಶದ ಮೂಡಣ ತುದಿಯ ಹಿಮಾರಣ್ಯದಲ್ಲಿ ಬದುಕಬೇಕಾದರೆ ಒಂದು ಹೆಣ್ಣಿಗೆ ನಾಲ್ಕುನೂರು ಚದರ ಕಿಲೋಮೀಟರ್ ಬೇಕು. ಜಾತಿ ಒಂದೇ, ಹಸಿವು ಒಂದೇ; ವ್ಯತ್ಯಾಸವಿರುವುದು ಆ ನೆಲವು ಸಾಕಬಲ್ಲ ಕಡವೆ, ಹಂದಿಗಳ ಸಂಖ್ಯೆಯಲ್ಲಿ. ಹುಲಿಯ ಸೀಮೆಯ ಅಗಲವನ್ನು ನಿರ್ಣಯಿಸತಕ್ಕದ್ದು ಅದರ ಪರಾಕ್ರಮವಲ್ಲ, ಆ ನೆಲದ ಹುಲ್ಲು.

ಈ ಸೀಮೆಯನ್ನು ಹುಲಿಯು ಪ್ರತಿದಿನವೂ ಕಾದಾಡಿ ಉಳಿಸಿಕೊಳ್ಳುವುದಿಲ್ಲ. ತನ್ನ ಓಡಾಟದ ಹಾದಿಯ ಅಕ್ಕಪಕ್ಕದ ಮರದ ಬುಡಕ್ಕೆ, ಬಾಗಿದ ಪೊದೆಯ ಎಲೆಯ ಅಡಿಗೆ, ಮೂತ್ರದೊಡನೆ ಗ್ರಂಥಿಸ್ರಾವವನ್ನು ಬೆರೆಸಿ ಚಿಮ್ಮಿಸುತ್ತದೆ. ನೆಲವನ್ನು ಹಿಂಗಾಲಿನಿಂದ ಕೆರೆದು ಗುರುತು ಬಿಡುತ್ತದೆ. ಮರದ ತೊಗಟೆಯನ್ನು ಉಗುರಿನಿಂದ ಗೀರುತ್ತದೆ. ಆ ಹಾದಿಯಲ್ಲಿ ತರುವಾಯ ಬಂದ ಹುಲಿಯು ಮೇಲ್ದುಟಿಯನ್ನು ಸುಕ್ಕಿಸಿ, ಮೂತಿಯನ್ನೆತ್ತಿ, ಆ ವಾಸನೆಯನ್ನು ಅಂಗುಳಿನ ವಿಶೇಷ ಇಂದ್ರಿಯಕ್ಕೆ ಒಯ್ದು ಪರೀಕ್ಷಿಸಿ, ಇಲ್ಲಿ ಸುಳಿದದ್ದು ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ ಇಲ್ಲವೋ, ಹೋಗಿ ಎಷ್ಟು ಕಾಲವಾಯಿತು ಎಂಬುದನ್ನೆಲ್ಲ ತಿಳಿದುಕೊಳ್ಳುತ್ತದೆ. ಇರುಳಿನ ನಿಶ್ಶಬ್ದದಲ್ಲಿ ಅದರ ಗರ್ಜನೆಯು ಎರಡು ಮೂರು ಕಿಲೋಮೀಟರ್ ದೂರಕ್ಕೂ ಕೇಳಿಸುವುದುಂಟು. ಗುರುತುಗಳು ಹಳತಾದರೆ ಆ ನೆಲ ತೆರವಾಯಿತೆಂದು ನೆರೆಯವು ಬಗೆಯುವುದರಿಂದ, ಸೀಮೆಯ ಒಡೆಯನು ತನ್ನ ಗಡಿಯನ್ನು ಮತ್ತೆ ಮತ್ತೆ ಸುತ್ತಿ ಅವನ್ನು ಹೊಸದಾಗಿಸುತ್ತಲೇ ಇರಬೇಕು. ಹೀಗೆ ಪರಸ್ಪರ ಕಾಣದೆಯೇ ಒಬ್ಬರನ್ನೊಬ್ಬರು ಅರಿತು ದೂರವಿರುವ ಈ ವ್ಯವಸ್ಥೆಯು, ಸಣ್ಣ ಗಾಯವೂ ಉಪವಾಸಕ್ಕೆ ದಾರಿಯಾಗಬಲ್ಲ ಬೇಟೆಗಾರ ಪ್ರಾಣಿಗೆ ಅತ್ಯಂತ ಉಚಿತವಾದದ್ದು.

ಬೇಟೆಯ ಗಣಿತ

ಹುಲಿಯ ದೇಹವು ದೀರ್ಘವಾಗಿ ಓಡುವುದಕ್ಕೆ ರಚಿತವಾದದ್ದಲ್ಲ. ಸಮೀಪದಿಂದ ಒಮ್ಮೆ ಎರಗುವುದಕ್ಕೆ ರಚಿತವಾದದ್ದು. ಮುಂಗಾಲಿಗಿಂತ ಉದ್ದವಾದ ಹಿಂಗಾಲು ನೆಗೆತಕ್ಕೂ, ಅಗಲವಾದ ಮುಂಗಾಲು ಮತ್ತು ಭುಜಗಳು ಹಿಡಿದ ಪ್ರಾಣಿಯನ್ನು ನೆಲಕ್ಕೆ ಕೆಡಹುವುದಕ್ಕೂ, ಒಳಸರಿಯುವ ಉಗುರುಗಳು ಸದ್ದಿಲ್ಲದ ನಡಿಗೆಗೂ ಒದಗುತ್ತವೆ. ಕಣ್ಣಿನ ಹಿಂಬದಿಯಲ್ಲಿರುವ ಪ್ರತಿಫಲಕ ಪದರವು ನಸುಬೆಳಕನ್ನೂ ಎರಡು ಬಾರಿ ಉಪಯೋಗಕ್ಕೆ ತರುವುದರಿಂದ, ನಮಗೆ ಕಗ್ಗತ್ತಲೆಯಾದ ಹೊತ್ತಿನಲ್ಲಿ ಅದು ನಿರಾಯಾಸವಾಗಿ ಕಾಣುತ್ತದೆ. ಕಣ್ಣಿಗೆ ಹೊಡೆಯುವಂತಿರುವ ಅದರ ಕಿತ್ತಳೆ ಬಣ್ಣವು ಜಿಂಕೆ, ಕಡವೆಗಳಿಗೆ ಹಾಗೆ ತೋರುವುದಿಲ್ಲ. ಕೆಂಪನ್ನೂ ಹಸಿರನ್ನೂ ಬೇರ್ಪಡಿಸಲಾರದ ಅವುಗಳ ಕಣ್ಣಿಗೆ ಆ ಮೈ ಎಲೆಯ ಹಿನ್ನೆಲೆಯಲ್ಲಿ ಬೆರೆತುಹೋಗುತ್ತದೆ, ಕಪ್ಪು ಪಟ್ಟೆಗಳು ಹುಲ್ಲಿನ ನೆರಳುಗಳೊಡನೆ ಸೇರಿ ಅದರ ಆಕಾರವನ್ನೇ ಒಡೆದುಬಿಡುತ್ತವೆ.

ಇಷ್ಟೆಲ್ಲ ಸಾಧನಗಳಿದ್ದರೂ ಹತ್ತು ಇಪ್ಪತ್ತು ಪ್ರಯತ್ನಗಳಲ್ಲಿ ಸಫಲವಾಗುವುದು ಒಂದು ಮಾತ್ರ. ಗಾಳಿ ತಿರುಗಿದರೆ, ಮುಸಿಯವು ಮರದ ಮೇಲಿನಿಂದ ಕೆಮ್ಮಿದರೆ, ಕಡವೆಯು ಬಾಲವೆತ್ತಿ ಕೂಗಿದರೆ, ಗಂಟೆಗಟ್ಟಲೆಯ ಹೊಂಚು ನಿಷ್ಫಲವಾಗುತ್ತದೆ. ಸಿಕ್ಕಿದ ಪ್ರಾಣಿ ದೊಡ್ಡದಾದರೆ ಗಂಟಲನ್ನು ಹಿಡಿದು ಉಸಿರುಗಟ್ಟಿಸುತ್ತದೆ, ಚಿಕ್ಕದಾದರೆ ಕುತ್ತಿಗೆಯ ಹಿಂಭಾಗವನ್ನು ಕಚ್ಚಿ ಮುರಿಯುತ್ತದೆ. ಬಳಿಕ ಅದನ್ನು ಮರೆಗೆ ಎಳೆದೊಯ್ದು, ಒಂದೊಂದು ರಾತ್ರಿ ಇಪ್ಪತ್ತು ಕಿಲೋದವರೆಗೂ ತಿನ್ನುತ್ತ, ಉಳಿದದ್ದನ್ನು ತರಗೆಲೆಯಿಂದ ಮುಚ್ಚಿ, ಮುಗಿಯುವವರೆಗೆ ಅಲ್ಲಿಯೇ ಸುಳಿದಾಡುತ್ತದೆ.

ಒಂದು ಹುಲಿಗೆ ವಾರಕ್ಕೊಂದರಂತೆ ವರ್ಷಕ್ಕೆ ಸುಮಾರು ಐವತ್ತು ದೊಡ್ಡ ಪ್ರಾಣಿಗಳು ಬೇಕು. ಕಾಡಿನಲ್ಲಿರುವ ಸಸ್ಯಾಹಾರಿಗಳ ಹತ್ತನೆಯ ಒಂದು ಪಾಲನ್ನು ವರ್ಷಂಪ್ರತಿ ಹುಲಿ ತೆಗೆದುಕೊಂಡರೂ ಅವುಗಳ ಸಂಖ್ಯೆ ಕುಗ್ಗದೆಂಬುದು ಜೀವವಿಜ್ಞಾನಿಗಳ ಅಂದಾಜು. ಹಾಗಾದರೆ ಒಂದು ಹುಲಿಯ ಹಿಂದೆ ಐನೂರು ಜಿಂಕೆ, ಕಡವೆ, ಹಂದಿ, ಕಾಡೆಮ್ಮೆಗಳು ಮೇಯುತ್ತಿರಬೇಕೆಂದಾಯಿತು. ಸಾಲ ಕೊಟ್ಟವನು ಬಡ್ಡಿಯಿಂದ ಜೀವಿಸಿ ಅಸಲನ್ನು ಮುಟ್ಟದಿರುವಂತೆ ಹುಲಿಯೂ ಕಾಡಿನ ಅಸಲನ್ನು ಮುಟ್ಟದೆ ಬಾಳುತ್ತದೆ. ಅಸಲನ್ನು ಕರಗಿಸತಕ್ಕವರು ಬಂದೂಕು, ಉರುಳು, ಬೇಟೆನಾಯಿಗಳನ್ನು ಹಿಡಿದು ಕಾಡಿಗೆ ನುಗ್ಗುವ ಮನುಷ್ಯರು. ಹುಲಿಯನ್ನು ಮುಟ್ಟದೆ ಕಡವೆಯನ್ನು ಮಾತ್ರ ಕೊಂದರೂ ಹುಲಿಯು ಅಲ್ಲಿಂದ ಕಣ್ಮರೆಯಾಗುವುದು ನಿಶ್ಚಯ.

ನಾಗರಹೊಳೆಯ ಅಧ್ಯಯನದಲ್ಲಿ ಹುಲಿಯ ಬೇಟೆಯ ಸರಾಸರಿ ತೂಕ ಸುಮಾರು 90 ಕಿಲೋ ಇದ್ದರೆ, ಸೀಳುನಾಯಿಯದೂ ಚಿರತೆಯದೂ ಅದರ ಅರ್ಧಕ್ಕಿಂತ ಕಡಮೆಯಾಗಿತ್ತು. ಒಂದೇ ಕಾಡಿನಲ್ಲಿ ಮೂರು ದೊಡ್ಡ ಮಾಂಸಾಹಾರಿಗಳು ಬಾಳಲು ಸಾಧ್ಯವಾದದ್ದು, ಅಲ್ಲಿ ಎಲ್ಲ ಗಾತ್ರದ ಪ್ರಾಣಿಗಳೂ ಸಮೃದ್ಧವಾಗಿದ್ದುದರಿಂದ. ದೊಡ್ಡ ಪ್ರಾಣಿಗಳು ನಶಿಸಿದ ಕಾಡಿನಲ್ಲಿ ಮೊದಲು ಹೊರಡುವುದು ಹುಲಿ. ಮೊಲ, ನವಿಲು, ನಾಯಿ, ಕುರಿಗಳಿಂದಲೂ ಕಾಲಕ್ಷೇಪ ಮಾಡಬಲ್ಲ ಚಿರತೆಯು ಉಳಿದುಕೊಳ್ಳುತ್ತದೆ. ಈ ಒಂದು ಸೂತ್ರವನ್ನು ಹಿಡಿದುಕೊಂಡು ನಮ್ಮ ನಾಲ್ಕು ತಾಲ್ಲೂಕುಗಳ ನೆಲವನ್ನು ಅವಲೋಕಿಸಬಹುದು.

ನಾಲ್ಕು ತಾಲ್ಲೂಕುಗಳ ನೆಲ

1997ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾಗುವವರೆಗೆ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚೆಗೆ. ಆಡಳಿತದ ಗಡಿಗಳು ಹೇಗೆ ಬದಲಾದರೂ ಮಳೆಯ ಗಡಿ ಬದಲಾಗಲಿಲ್ಲ: ಮಲೆನಾಡಿನ ಸೆರಗಿನಿಂದ ಮೂಡಣಕ್ಕೆ ನಡೆದಂತೆಲ್ಲ ಮಳೆ ಇಳಿಯುತ್ತ, ಮರ ಕುಳ್ಳಾಗುತ್ತ, ಜಗಳೂರಿನ ಮುಳ್ಳುಗಿಡಗಳ ಕುರುಚಲು ಕಾಡಿನಲ್ಲಿ ಈ ಇಳಿತವು ಕೊನೆಗೊಳ್ಳುತ್ತದೆ.

ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯು ಸಿಂದವಂಶದ ಒಂದು ಶಾಖೆಯ ರಾಜಧಾನಿಯಾಗಿದ್ದ ಊರು. ಸಿಂದರ ಮೂಲಪುರುಷನು ಹುಲಿಯ ಹಾಲುಂಡು ಬೆಳೆದನೆಂಬ ಐತಿಹ್ಯವು ಆ ವಂಶದ ಶಾಸನಗಳಲ್ಲಿ ಬರುತ್ತದೆ. ವ್ಯಾಘ್ರಲಾಂಛನವು ಸಿಂದರ ಹೆಮ್ಮೆಯ ಬಿರುದಾಗಿತ್ತು. ಬೆಳಗುತ್ತಿಯ ಸಮೀಪದ ತೀರ್ಥರಾಮೇಶ್ವರದ ಗುಡ್ಡಗಳ ಕಾಡನ್ನು ಕಂಡವರಿಗೆ, ಈ ಐತಿಹ್ಯವನ್ನು ನೆಚ್ಚಿದವರು ಹುಲಿಯನ್ನು ಕಾವ್ಯದಲ್ಲಿ ಮಾತ್ರ ಕಂಡವರಾಗಿರಲಾರರೆಂಬುದು ಹೊಳೆಯದಿರದು. ಈ ಸೀಮೆಯ ಊರ ಹೊರಗಣ ವೀರಗಲ್ಲುಗಳ ನಡುವೆ ತುರುಗಳನ್ನು ಕಾಯುತ್ತ ಹುಲಿಯೊಡನೆ ಹೋರಿ ಮಡಿದವರ ನೆನಪಿನ ಕಲ್ಲುಗಳೂ ಸೇರಿವೆ. ಹೊನ್ನಾಳಿಯ ಬಳಿ ತುಂಗಭದ್ರೆಯ ಇಬ್ಬದಿಯ ಕಪ್ಪುಮಣ್ಣು ಮತ್ತು ನೀರಾವರಿ ನೆಲಗಳು ಬಹುಕಾಲದಿಂದ ಉಳುಮೆಗೆ ಒಳಪಟ್ಟಿವೆ; ಅಲ್ಲಿ ಉಳಿದಿರುವುದು ಗುಡ್ಡದ ನೆತ್ತಿಗಳ ಕುರುಚಲು, ಹೊಳೆಯಂಚಿನ ಪೊದೆ, ಮೆಕ್ಕೆಜೋಳದ ಹೊಲಗಳ ತಾತ್ಕಾಲಿಕ ಮರೆ. ಚಿರತೆಗೆ ಅಷ್ಟು ಸಾಕಾಗುತ್ತದೆ.

ಚನ್ನಗಿರಿಯ ಸ್ಥಿತಿ ಬೇರೆ. ಉಬ್ರಾಣಿಯ ಕಡೆಯ ಗುಡ್ಡಗಳಲ್ಲಿ, ಮಾವಿನಕಟ್ಟೆ, ಶಾಂತಿಸಾಗರ ಅರಣ್ಯ ವಲಯಗಳಲ್ಲಿ, ಎಲೆಯುದುರಿಸುವ ಮರಗಳ ಕಾಡು ಇಂದಿಗೂ ವಿಸ್ತಾರವಾಗಿ ಉಳಿದಿದೆ; ಆ ಕಾಡು ಭದ್ರಾವತಿ ಅರಣ್ಯ ವಿಭಾಗಕ್ಕೆ ಸೇರಿದೆ. ಈ ಗುಡ್ಡಗಳ ಮೇಲೆ ಬಿದ್ದ ಮಳೆಯೇ ಸೂಳೆಕೆರೆಯಲ್ಲಿ ನಿಂತು, ಹರಿದ್ರೆಯಾಗಿ ಹರಿದು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ; ಆ ನೀರನ್ನುಣ್ಣುವ ಅಡಕೆತೋಟ, ಗದ್ದೆಗಳ ಒಡೆಯರೆಲ್ಲರೂ ಕಾಡಿನ ಋಣದಲ್ಲಿರುವವರು. ಭದ್ರಾ ಅರಣ್ಯದಿಂದ ಕಾಡಾನೆಗಳು ಉಬ್ರಾಣಿ ಸೀಮೆಯವರೆಗೆ ಬಂದುಹೋಗುತ್ತಿರುವುದು ಊರವರಿಗೆ ನೋವಿನ ಅನುಭವದಿಂದಲೇ ತಿಳಿದಿದೆ. ಆ ನೋವನ್ನು ಲಘುವಾಗಿ ಎಣಿಸಲಾಗದು. ಆದರೆ ಆನೆ ನಡೆಯಬಲ್ಲ ದಾರಿ ಇನ್ನೂ ಉಳಿದಿದೆಯೆಂಬುದಕ್ಕೆ ಅದು ಸಾಕ್ಷಿಯೂ ಹೌದು, ಮತ್ತು ಆನೆ ನಡೆದ ದಾರಿಯಲ್ಲಿ ಹುಲಿಯೂ ನಡೆಯಬಲ್ಲುದು.

ಇನ್ನು ಜಗಳೂರು. ಅಲ್ಲಿಯ ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರ್ ಅರಣ್ಯವನ್ನು 2011ರಲ್ಲಿ ಸರಕಾರವು ಕೊಂಡುಕುರಿ ವನ್ಯಜೀವಿಧಾಮವೆಂದು ಘೋಷಿಸಿತು. ಪ್ರಪಂಚದ ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬುಗಳುಳ್ಳದ್ದು ಕೊಂಡುಕುರಿಯ ಗಂಡೊಂದೇ: ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮೇಲೆ ಚಿಕ್ಕದಾದ ಇನ್ನೊಂದು ಜೊತೆ. ಇಪ್ಪತ್ತು ಕಿಲೋ ಮಾತ್ರ ತೂಗುವ ಈ ಸಂಕೋಚದ ಪ್ರಾಣಿಯು ಒಂಟಿಯಾಗಿ ಬಾಳುತ್ತದೆ, ನೀರಿನ ಆಸರೆಯನ್ನು ಬಿಟ್ಟು ದೂರ ಹೋಗಲಾರದು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ತನ್ನ ನೆಲೆಯನ್ನು ಗುರುತಿಸಿಕೊಳ್ಳುತ್ತದೆ. ಇಷ್ಟು ಚಿಕ್ಕ ಪ್ರಾಣಿಗಳಿಂದಲೇ ಹುಲಿ ಹೊಟ್ಟೆ ಹೊರೆಯಬೇಕಾದರೆ ಎರಡು ಮೂರು ದಿನಗಳಿಗೊಂದು ಯಶಸ್ವಿಯಾದ ಬೇಟೆ ಬೇಕು. ಪ್ರತಿಯೊಂದು ಯಶಸ್ಸಿನ ಹಿಂದೆಯೂ ಹತ್ತಾರು ಸೋಲುಗಳ ದಣಿವಿದೆ. ಆದುದರಿಂದ ಜಗಳೂರು ಹುಲಿಯ ನೆಲೆವೀಡಾಗಲಾರದು. ಆದರೆ ತೋಳ, ಕರಡಿ, ಚಿರತೆ, ಕೊಂಡುಕುರಿಗಳ ಆ ಕುರುಚಲನ್ನು ಬರಡುಭೂಮಿಯೆಂದು ಕಾಗದಪತ್ರಗಳಲ್ಲಿ ಬರೆಯುವುದು ಅನ್ಯಾಯ. ಮರ ಎತ್ತರವಾಗಿಲ್ಲವೆಂದ ಮಾತ್ರಕ್ಕೆ ಕಾಡು ಕಾಡಲ್ಲವೆಂದಾಗದು.

ಕಳೆದದ್ದು, ಮರಳಿದ್ದು

ಹಿಂದಿನ ಶತಮಾನದ ನಡುಗಾಲದವರೆಗೆ ಈ ಪ್ರದೇಶದಲ್ಲಿ ಹುಲಿ ಅಪರೂಪದ ಪ್ರಾಣಿಯಾಗಿರಲಿಲ್ಲ. ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ನರು 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಚನ್ನಗಿರಿಗೆ ನೆರೆಯಾದ ಹೊಸದುರ್ಗ, ಹೊಳಲ್ಕೆರೆಗಳ ನರಭಕ್ಷಕವೊಂದರ ವೃತ್ತಾಂತವಿದೆ. ಅವರ ಬರೆಹಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದು ಮನೆಮನೆಗೆ ಮುಟ್ಟಿಸಿದರು. ಅಂಥ ಕಥೆಗಳನ್ನು ಓದಿದವರು ನರಭಕ್ಷಣೆಯನ್ನು ಹುಲಿಯ ಸ್ವಭಾವವೆಂದು ಭ್ರಮಿಸಬಾರದು. ಗುಂಡಿನ ಗಾಯ, ಮುಳ್ಳುಹಂದಿಯ ಮುಳ್ಳು ನಾಟಿ ಕೀವಾದ ಕಾಲು, ಮುಪ್ಪಿನಲ್ಲಿ ಸವೆದ ಹಲ್ಲು, ಬೇಟೆಪ್ರಾಣಿಗಳ ಅಭಾವ, ಇವುಗಳಲ್ಲೊಂದು ಸಾಮಾನ್ಯವಾಗಿ ಅದರ ಹಿಂದಿರುತ್ತದೆ. ಆರೋಗ್ಯವಂತ ಹುಲಿಯು ನೆಟ್ಟಗೆ ನಡೆಯುವ ಮನುಷ್ಯನನ್ನು ಬೇಟೆಯೆಂದು ಎಣಿಸುವುದಿಲ್ಲ. ಅವನ ಸದ್ದು ಕೇಳಿದರೆ ತಾನೇ ಬದಿಗೆ ಸರಿಯುತ್ತದೆ.

ಶಿಕಾರಿಯ ಹುಚ್ಚು, ಬಹುಮಾನದ ಆಸೆ, ಕಾಡಿನ ಕ್ಷಯಗಳು ಸೇರಿ ಹುಲಿಯನ್ನು ಅಳಿವಿನಂಚಿಗೆ ತಂದ ಮೇಲೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, 1973ರ ಏಪ್ರಿಲ್ 1ರಂದು ಹುಲಿ ಯೋಜನೆಯೂ ಜಾರಿಗೆ ಬಂದವು. ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದಾಗಿತ್ತು. 1951ರಲ್ಲಿ ಜಾಗರ ಕಣಿವೆಯ ಚಿಕ್ಕ ಮೀಸಲಾಗಿ ಆರಂಭಗೊಂಡ ಭದ್ರಾ ಅಭಯಾರಣ್ಯವು 1974ರಲ್ಲಿ ಲಕ್ಕವಳ್ಳಿಯ ಕಾಡುಗಳನ್ನು ಸೇರಿಸಿಕೊಂಡು ಬೆಳೆದು, 1998ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅಲ್ಲಿಯ ಚೇತರಿಕೆಯಲ್ಲಿ ಒಂದು ಮಾನವೀಯ ಅಧ್ಯಾಯವಿದೆ: ಕಾಡಿನೊಳಗಿನ ಹನ್ನೊಂದು ಹಳ್ಳಿಗಳ ನಾಲ್ಕುನೂರಕ್ಕೂ ಮಿಕ್ಕ ಕುಟುಂಬಗಳು 2002ರ ವೇಳೆಗೆ ಎಂ.ಸಿ. ಹಳ್ಳಿ ಮತ್ತು ಕೆಳಗೂರುಗಳಲ್ಲಿ ನೀರಾವರಿ ಭೂಮಿ, ಮನೆಗಳನ್ನು ಪಡೆದು ಹೊರಬಂದವು. ಹುಟ್ಟಿದ ಊರನ್ನು ಬಿಟ್ಟ ಆ ಜನರ ತ್ಯಾಗವು ಹುಲಿಯ ಯಶಸ್ಸಿನ ಲೆಕ್ಕದಲ್ಲಿ ಮೊದಲ ಸಾಲಿನಲ್ಲಿ ಬರೆಯತಕ್ಕದ್ದು. 2022ರ ರಾಷ್ಟ್ರೀಯ ಗಣತಿಯಲ್ಲಿ ಭಾರತದ ಹುಲಿಗಳ ಸಂಖ್ಯೆ 3,682 ಎಂದೂ, ಅದರಲ್ಲಿ ಕರ್ನಾಟಕದ ಪಾಲು 563 ಎಂದೂ ಅಂದಾಜಾಗಿದೆ. ಮಧ್ಯಪ್ರದೇಶದ ತರುವಾಯ ನಮ್ಮದೇ ಸ್ಥಾನ.

ಈ ಸಂಖ್ಯೆಗಳ ಹಿಂದೆ ಇನ್ನೊಂದು ಸತ್ಯ ಅಡಗಿದೆ. ನಾಗರಹೊಳೆಯಲ್ಲಿ ಒಂಬತ್ತು ವರ್ಷ ನಡೆದ ಛಾಯಾಚಿತ್ರ ಗಣತಿಯ ಪ್ರಕಾರ, ಹುಲಿಗಳು ಸಮೃದ್ಧವಾಗಿರುವ ಆ ಕಾಡಿನಿಂದಲೂ ಪ್ರತಿವರ್ಷ ಸುಮಾರು ಶೇಕಡ 23ರಷ್ಟು ಹುಲಿಗಳು ಸಾವಿನಿಂದಲೋ ವಲಸೆಯಿಂದಲೋ ಕಾಣೆಯಾಗುತ್ತವೆ. ಹೊಸ ಮರಿಗಳು ಆ ಸ್ಥಾನವನ್ನು ತುಂಬುತ್ತವೆ. ತುಂಬಿದ ಕಾಡು ಎಂದರೆ ಪ್ರತಿವರ್ಷವೂ ಹರೆಯದ ಹುಲಿಗಳನ್ನು ಹೊರಗೆ ಕಳುಹುವ ಕಾಡು. ಅವುಗಳಿಗೆ ಹೊರಗೆ ದಾರಿಯಿಲ್ಲದಿದ್ದರೆ ಒಂದೋ ಪರಸ್ಪರ ಕಾದಿ ಸಾಯಬೇಕು, ಇಲ್ಲವೇ ಊರಿನ ಅಂಚಿಗೆ ಬಂದು ಸಾಯಬೇಕು; ಉಳಿದವು ಒಂದೇ ಕಾಡಿನೊಳಗೆ ರಕ್ತಸಂಬಂಧಿಗಳಲ್ಲೇ ಕೂಡಿ ಮುಂದಿನ ತಲೆಮಾರುಗಳನ್ನು ದುರ್ಬಲಗೊಳಿಸುತ್ತವೆ. ಮೀಸಲು ಅರಣ್ಯವೊಂದನ್ನೇ ಕಾಯ್ದರೆ ಹುಲಿಯನ್ನು ಕಾಯ್ದಂತಾಗದು. ಅದರ ತವರನ್ನು ಕಾಯ್ದಷ್ಟೇ ಶ್ರದ್ಧೆಯಿಂದ ಅದರ ಹಾದಿಯನ್ನೂ ಕಾಯಬೇಕು.

ಹಾದಿಯನ್ನು ಕಾಯುವುದೆಂದರೆ

ಭದ್ರಾ ಕಾಡಿಗೂ ಚನ್ನಗಿರಿಯ ಕಾಡಿಗೂ ನಡುವೆ ತರೀಕೆರೆ, ಭದ್ರಾವತಿಗಳ ಮೂಲಕ ಹಾಯುವ ಹೆದ್ದಾರಿಯಿದೆ, ಬೀರೂರು–ಶಿವಮೊಗ್ಗ ರೈಲುಮಾರ್ಗವಿದೆ, ಭದ್ರೆಯ ನಾಲೆಗಳಿವೆ, ತೋಟಗದ್ದೆಗಳಿವೆ. ಇವೆಲ್ಲ ಜನಜೀವನಕ್ಕೆ ಅಗತ್ಯವಾದವು. ಜಗಳೂರಿನಂಥ ಬರದ ನಾಡಿಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರು ಹರಿಯಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಕೂಡದು. ಆದರೆ ರಸ್ತೆಯನ್ನು ಅಗಲಗೊಳಿಸುವಾಗ ಹಳ್ಳ ಹರಿಯುವೆಡೆ ಪ್ರಾಣಿ ನುಸುಳುವಷ್ಟು ಎತ್ತರದ ಸೇತುವೆಯನ್ನು ಕಟ್ಟುವುದು, ಕಡಿದಾದ ಕಾಂಕ್ರೀಟ್ ನಾಲೆಯ ಮೇಲೆ ಅಲ್ಲಲ್ಲಿ ಮಣ್ಣುಹಾಸಿದ ದಾಟುವೆಗಳನ್ನು ಬಿಡುವುದು, ಗುಡ್ಡಗಳ ಮೇಲೆ ಕಲ್ಲುಗಣಿಗೋ ಗಾಳಿಯಂತ್ರಕ್ಕೋ ಅನುಮತಿ ಕೊಡುವ ಮುನ್ನ ಅಲ್ಲಿ ಯಾವ ಪ್ರಾಣಿಗಳು ಓಡಾಡುತ್ತವೆಂದು ವಿಚಾರಿಸುವುದು, ಇವು ಅಸಾಧ್ಯವಾದ ಬೇಡಿಕೆಗಳಲ್ಲ. ಗೋಮಾಳ, ಕಾವಲು, ಖರಾಬುಗಳ ಚೂರುಚೂರು ಕುರುಚಲು ನೆಲಗಳು ಕಂದಾಯದ ಪುಸ್ತಕದಲ್ಲಿ ನಿರುಪಯುಕ್ತವೆಂದು ತೋರಬಹುದು. ಇರುಳಿನಲ್ಲಿ ನಡೆದು ಹಗಲು ಅಡಗಬೇಕಾದ ಪ್ರಾಣಿಗೆ ಒಂದು ಹಗಲಿನ ಆಶ್ರಯವೆಂದರೆ ಇಡೀ ಪ್ರಯಾಣದ ಆಧಾರ.

ಊರಿನವರು ಮಾಡಬಹುದಾದದ್ದೂ ಇದೆ. ಹೊನ್ನಾಳಿ, ನ್ಯಾಮತಿಗಳ ಕಡೆ ಹೊಲದಲ್ಲಿ ಹೆಜ್ಜೆ ಕಂಡೊಡನೆ ಹುಲಿ ಬಂತೆಂಬ ಭೀತಿ ಹಬ್ಬುವುದುಂಟು. ಬಹುಪಾಲು ಅದು ಚಿರತೆಯಾಗಿರುತ್ತದೆ. ಉಗುರಿನ ಗುರುತಿದ್ದರೆ ಅದು ಸಾಮಾನ್ಯವಾಗಿ ನಾಯಿಯದೋ ತೋಳದ್ದೋ ಆಗಿರುತ್ತದೆ, ಹುಲಿ ಚಿರತೆಗಳು ಉಗುರನ್ನು ಒಳಗೆಳೆದುಕೊಂಡೇ ನಡೆಯುತ್ತವೆ. ಬೆಳೆದ ಹುಲಿಯ ಮುಂಗಾಲಿನ ಹೆಜ್ಜೆಯು ಮನುಷ್ಯನ ಅಂಗೈಯ ಅಗಲವನ್ನು ಮೀರುತ್ತದೆ, ಚಿರತೆಯದು ಅಷ್ಟಿರದು. ಯಾವುದೇ ಆಗಿರಲಿ, ಜನರು ಗುಂಪುಗೂಡಿ ಕೂಗಿ ಕಲ್ಲೆಸೆದು ಸುತ್ತುವರಿದ ಪ್ರಾಣಿಯೇ ಎರಗುವುದು. ಬಿಟ್ಟ ದಾರಿಯಲ್ಲಿ ಅದು ಇರುಳಾಗುತ್ತಲೇ ಹೊರಟುಹೋಗುತ್ತದೆ. ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ, ಮಕ್ಕಳನ್ನೂ ದನಕರುಗಳನ್ನೂ ಸಂಜೆಯೊಳಗೆ ಮನೆ ಸೇರಿಸಿ ಆ ಒಂದು ರಾತ್ರಿಯನ್ನು ಕಳೆಯುವುದು ಎಲ್ಲರಿಗೂ ಕ್ಷೇಮ. ಇನ್ನು ಹಸುವನ್ನು ಕಳೆದುಕೊಂಡ ಬಡರೈತನ ಕೋಪ ನ್ಯಾಯವಾದದ್ದು. 2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮದಲ್ಲಿ ವಿಷವಿಕ್ಕಿದ ಹಸುವಿನ ಕಳೇಬರವನ್ನು ತಿಂದು ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತ ವಾರ್ತೆಯು ನಾಡನ್ನೇ ತಲ್ಲಣಗೊಳಿಸಿತು. ಕಳೆದ ಹಸುವಿನ ಬೆಲೆ, ಕಚೇರಿಯಿಂದ ಕಚೇರಿಗೆ ಅಲೆಯುವ ಕಷ್ಟವಿಲ್ಲದೆ, ಬೇಗನೆ ರೈತನ ಕೈ ಸೇರುವಂತೆ ಮಾಡುವುದು ಹುಲಿಯ ರಕ್ಷಣೆಗೆ ಬಂದೂಕು ಹಿಡಿದ ಕಾವಲುಗಾರನಷ್ಟೇ ಅವಶ್ಯಕ.

ಶಿವಮೊಗ್ಗದ ಬಳಿಯ ತ್ಯಾವರೆಕೊಪ್ಪದ ಸಫಾರಿಯಲ್ಲಿ ನಮ್ಮ ಮಕ್ಕಳು ಹುಲಿಯನ್ನು ಕಣ್ತುಂಬ ನೋಡಿ ಬರುತ್ತಾರೆ, ಅದು ಒಳ್ಳೆಯದೇ. ಆದರೆ ಬೇಲಿಯೊಳಗಿನ ಹುಲಿಯಲ್ಲಿ ದೇಹವಿದೆಯೇ ಹೊರತು ಬಾಳಿಲ್ಲ. ಬಾಳು ಇರುವುದು ಹುಲ್ಲಿನಲ್ಲಿ, ಕಡವೆಯಲ್ಲಿ, ಹಳ್ಳದ ನೀರಿನಲ್ಲಿ, ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಹೋಗುವ ಸ್ವಾತಂತ್ರ್ಯದಲ್ಲಿ. ಉಬ್ರಾಣಿಯ ಗುಡ್ಡದಲ್ಲಿ ಒಂದು ಕಡವೆ ಉರುಳಿಗೆ ಬೀಳದೆ ಉಳಿದರೆ, ತೀರ್ಥರಾಮೇಶ್ವರದ ಕಾಡಿಗೆ ಬೇಸಗೆಯಲ್ಲಿ ಬೆಂಕಿ ಬೀಳದಿದ್ದರೆ, ರಂಗಯ್ಯನದುರ್ಗದ ಕೊಂಡುಕುರಿಗೆ ನೀರಿನ ಗುಂಡಿಯೊಂದು ಬತ್ತದೆ ನಿಂತರೆ, ಆ ಕೆಲಸವನ್ನು ಮಾಡಿದವರು ಹುಲಿಯನ್ನು ಎಂದೂ ಕಾಣದಿರಬಹುದು. ಆದರೂ ಹುಲಿಯನ್ನು ಉಳಿಸಿದವರ ಪಟ್ಟಿಯಲ್ಲಿ ಅವರ ಹೆಸರು ಇರತಕ್ಕದ್ದು. ಹುಲಿ ನೆಲೆಸಿದ ಕಾಡನ್ನು ಕಾಯಲು ಕಾನೂನಿದೆ, ಸಿಬ್ಬಂದಿಯಿದೆ, ಹಣವಿದೆ. ಹುಲಿ ಹಾದುಹೋಗುವ ಕಾಡನ್ನು ಕಾಯಲು ಇರುವುದು ಬಹುಮಟ್ಟಿಗೆ ಆ ಊರಿನವರ ಮನಸ್ಸು ಒಂದೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಜನರು ಆ ಹೊಣೆಯನ್ನು ತಮ್ಮದೆಂದು ಒಪ್ಪಿಕೊಂಡಲ್ಲಿ, ಇನ್ನು ಮುಂದೆ ಈ ದಿಕ್ಕಿಗೆ ಹೊರಟ ಹುಲಿಯ ಪ್ರಯಾಣವು ಸೆರೆಯಲ್ಲಿ ಮುಗಿಯದೆ ಮತ್ತೊಂದು ಕಾಡಿನಲ್ಲಿ ಮುಗಿಯುವುದು ಸಾಧ್ಯವಾಗುತ್ತದೆ.